ತೊಟ್ಟೆಯಿಂದ ತೊಟ್ಟಿಗೆ ಮರಿಮೀನು

ನಮ್ಮ ಮನೆಗಳಲ್ಲಿ ಮೀನು ಅಂದರೆ ಮೊದಲು ನೆನಪಾಗುವುದು ಬಂಗುಡೆ, ಬೂತಾಯಿ. ಈಗ ಹಾಲ್‌ನ ಮೂಲೆಯಲ್ಲೊಂದು ಗಾಜಿನ ತೊಟ್ಟಿಯೂ ಕಾಣಸಿಗುತ್ತದೆ. ಹಬ್ಬಕ್ಕೆ ಸಿಕ್ಕಿದ ದುಡ್ಡು ಒಟ್ಟು ಮಾಡಿ ಮಕ್ಕಳು ಗಪ್ಪಿ, ನಿಯಾನ್ ಟೆಟ್ರಾ ಮರಿಗಳನ್ನು ತರುತ್ತಾರೆ. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಮೇಲೆ ತೇಲುತ್ತಿರುತ್ತವೆ. "ಉಮ್ಮಾ, ಮೀನು ಯಾಕೆ ಸತ್ತದ್ದು?" ಅಂತ ಮಗು ಕೇಳಿದರೆ, "ಅಂಗಡಿಯವರು ಸೀಕಿನ ಮೀನು ಕೊಟ್ಟಿರಬೇಕು" ಎಂಬ ಉತ್ತರ ತಯಾರಿರುತ್ತದೆ. ಎಷ್ಟೋ ಸಲ ಮೀನಿಗೆ ಸೀಕು ಇರುವುದಿಲ್ಲ, ನೀರು ಬದಲಾದದ್ದು ತಡೆದಿರುವುದಿಲ್ಲ.

ಕಿವಿರಿನ ಮೂಲಕ ಮೀನಿನ ಮೈಗೂ ನೀರಿಗೂ ಲವಣದ ಕೊಡುಕೊಳ್ಳು ಸದಾ ನಡೆಯುತ್ತಿರುತ್ತದೆ. ಅರ್ಧ ಇಂಚಿನ ಮರಿಗೆ ಬಿಸಿ-ತಂಪಿನ, ಲವಣದ ವ್ಯತ್ಯಾಸ ದೊಡ್ಡ ಮೀನಿಗಿಂತ ಬೇಗ ತಟ್ಟುತ್ತದೆ.

ನಮ್ಮ ಕರಾವಳಿಯ ಮುರಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಗುಣದ್ದು. ಪಿಎಚ್ 7ಕ್ಕಿಂತ ಕೆಳಗೆ. ಅಮೆಜಾನ್ ತೊರೆಗಳ ಮೂಲದ ನಿಯಾನ್ ಟೆಟ್ರಾಕ್ಕೆ ಅದು ಒಗ್ಗುತ್ತದೆ. ಗಪ್ಪಿ, ಮೋಲಿಗೆ ಗಡಸು ನೀರೇ ಇಷ್ಟ. ಅಲಂಕಾರಿಕ ಮೀನಿಗೆ ಹೆಸರಾದ ಚೆನ್ನೈಯ ಕೊಳತ್ತೂರಿನಂಥ ಕಡೆ ಗಡಸು ನೀರಲ್ಲಿ ಬೆಳೆದ ಮರಿಯನ್ನು ಸೀದಾ ನಮ್ಮ ಬಾವಿ ನೀರಿಗೆ ಬಿಟ್ಟರೆ ಅದಕ್ಕೆ ತಡೆಯಲಿಕ್ಕಾಗುವುದಿಲ್ಲ. ಗಪ್ಪಿ ಸಾಕುವವರು ಮರ್ವಾಯಿ ಚಿಪ್ಪನ್ನು ಚೆನ್ನಾಗಿ ಕುದಿಸಿ, ತೊಳೆದು ಫಿಲ್ಟರ್‌ನಲ್ಲಿ ಇಟ್ಟರೆ ಅದರ ಸುಣ್ಣ ನಿಧಾನಕ್ಕೆ ಕರಗಿ ನೀರು ಗಡಸಾಗುತ್ತದೆ. ನಳ್ಳಿ ನೀರಾದರೆ ಕ್ಲೋರಿನ್ ಇರುತ್ತದೆ. ಒಂದು ದಿನ ಬಕೆಟ್‌ನಲ್ಲಿ ತೆರೆದಿಡಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹಾಕಬೇಕು.

ಹತ್ತಿರದ ಅಂಗಡಿಯಿಂದ ಮರಿ ತಂದಾಗ ಮೊದಲು ತೊಟ್ಟಿಯ ಲೈಟ್ ಆರಿಸಿ. ಪ್ಲಾಸ್ಟಿಕ್ ತೊಟ್ಟೆಯನ್ನು ಬಿಚ್ಚದೆ 15-20 ನಿಮಿಷ ನೀರಿನ ಮೇಲೆ ತೇಲಿಸಿ, ಬಿಸಿ-ತಂಪು ಸಮ ಆಗಲಿ. ಆಮೇಲೆ ಬಿಚ್ಚಿ, ಐದೈದು ನಿಮಿಷಕ್ಕೆ ಸಣ್ಣ ಕಪ್‌ನಷ್ಟು ತೊಟ್ಟಿಯ ನೀರನ್ನು ತೊಟ್ಟೆಗೆ ಹಾಕುತ್ತಾ ಬನ್ನಿ. ಮುಕ್ಕಾಲು ಗಂಟೆಯಾದರೂ ಬೇಕು. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ತೊಟ್ಟೆಯ ನೀರು ತೊಟ್ಟಿಗೆ ಬೇಡ. ಆ ದಿನ ಆಹಾರವೂ ಬೇಡ, ಮರುದಿನ ಒಂದು ಚಿಟಿಕೆ ಸಾಕು.

ದೂರದ ಊರಿನಿಂದ ಪಾರ್ಸೆಲ್‌ನಲ್ಲಿ ತರಿಸಿದ ಮರಿಗೆ ಈ ಕ್ರಮ ಆಗುವುದಿಲ್ಲ. ಮುಚ್ಚಿದ ತೊಟ್ಟೆಯಲ್ಲಿ ಮೀನು ಉಸಿರಾಡಿದ ಕಾರ್ಬನ್ ಡೈಆಕ್ಸೈಡ್ ಸೇರಿ ನೀರು ಹುಳಿಯಾಗುತ್ತದೆ. ಆ ಹುಳಿಯಿಂದಾಗಿ ಮೀನು ಹೊರಬಿಟ್ಟ ಅಮೋನಿಯದ ವಿಷ ಅಷ್ಟು ಜೋರಿರುವುದಿಲ್ಲ. ತೊಟ್ಟೆ ಬಿಚ್ಚಿದರೆ ಗ್ಯಾಸ್ ಹೊರಗೆ ಹೋಗುತ್ತದೆ, ಹುಳಿ ಇಳಿಯುತ್ತದೆ, ಅಮೋನಿಯ ವಿಷವಾಗಿ ಏರುತ್ತದೆ. ಅಂಥ ನೀರಲ್ಲಿ ಮರಿಯನ್ನು ಒಂದು ಗಂಟೆ ಇಟ್ಟರೆ ಕೊಂದ ಹಾಗೆಯೇ. ಹಾಗಾಗಿ ಕಳಿಸುವವರ ಹತ್ತಿರ ಅವರ ನೀರಿನ ಪಿಎಚ್, ಗಡಸುತನ ಮೊದಲೇ ಕೇಳಿ, ನಮ್ಮ ನೀರನ್ನು ಅದರ ಹತ್ತಿರಕ್ಕೆ ತಂದಿಟ್ಟುಕೊಳ್ಳಬೇಕು. ಪಾರ್ಸೆಲ್ ಬಂದ ಮೇಲೆ ಬಿಸಿ-ತಂಪು ಸಮ ಮಾಡಿ, ತೊಟ್ಟೆ ಬಿಚ್ಚಿದ ಕೂಡಲೇ ಮರಿಗಳನ್ನು ಎತ್ತಿ ಬಿಡಬೇಕು.

ಇಷ್ಟೆಲ್ಲ ಮಾಡಿದರೂ ತೊಟ್ಟಿ ಹೊಸತಾದರೆ ಮರಿ ಉಳಿಯುವುದು ಕಷ್ಟ. ಮೀನಿನ ಹೊಲಸಿನ ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯ ಫಿಲ್ಟರ್‌ನಲ್ಲಿ ಬೆಳೆಯಲು 4ರಿಂದ 6 ವಾರ ಹಿಡಿಯುತ್ತದೆ. ಹಳೇ ತೊಟ್ಟಿ ಇರುವ ನೆಂಟರ ಮನೆಯಿಂದ ಫಿಲ್ಟರ್‌ನ ಸ್ಪಂಜಿನ ಒಂದು ತುಂಡು ತಂದರೆ ಕೆಲಸ ಬೇಗ ಆಗುತ್ತದೆ. ಸ್ಪಂಜನ್ನು ಕ್ಲೋರಿನ್ ನೀರಲ್ಲಿ ತೊಳೆದರೆ ಬ್ಯಾಕ್ಟೀರಿಯವೂ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ.

ಮಕ್ಕಳಿಗೆ ಒಂದು ತಿಂಗಳು ಕಾಯುವುದು ಕಷ್ಟವೇ. ಆದರೂ ಈ ಸಲ ತೊಟ್ಟಿ ಮತ್ತು ಫಿಲ್ಟರ್ ಮಾತ್ರ ಕೊಡಿಸಿ, ಮೀನಿನ ದುಡ್ಡನ್ನು ಅವರ ಕೈಯಲ್ಲೇ ಇಡಿ. ಮರಿ ತರುವ ದಿನ ನೀರು ಹಾಕುವ ಕಪ್ಪನ್ನೂ ಅವರ ಕೈಗೇ ಕೊಡಿ. ಗಡಿಯಾರ ನೋಡಿಕೊಂಡು ಐದೈದು ನಿಮಿಷಕ್ಕೆ ನೀರು ಹಾಕುವ ಕೆಲಸ ಮಕ್ಕಳು ನಮಗಿಂತ ಚೆನ್ನಾಗಿ ಮಾಡುತ್ತಾರೆ.