ಚಳಿಗೆ ಹೆಪ್ಪುಗಟ್ಟುವ ಡೀಸೆಲ್

ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯು ಶೀಸೆಯೊಳಗೆ ಹೆಪ್ಪುಗಟ್ಟುವುದನ್ನು ನಾವೆಲ್ಲರೂ ಕಂಡಿರುವೆವು. ಹಿಮಾಲಯದ ಲಡಾಖಿನಲ್ಲಿ ಡೀಸೆಲ್ಲಿಗೂ ಇದೇ ಗತಿ. ಅದರಲ್ಲಿ ಕರಗಿರುವ ಮೇಣವು ಕಡುಚಳಿಯಲ್ಲಿ ಹರಳುಗಟ್ಟಿ ಫಿಲ್ಟರನ್ನು ಮುಚ್ಚಿಬಿಡುವುದು. ಎಂಜಿನ್ನಿಗೆ ಎಣ್ಣೆ ದೊರೆಯದೆ ಲಾರಿಯು ನಿಲ್ಲುವುದು. ಹಿಮದ ನಡುದಾರಿಯಲ್ಲಿ ಹೀಗೆ ಸಿಕ್ಕಿಬಿದ್ದ ಚಾಲಕನ ಪ್ರಾಣಕ್ಕೇ ಸಂಚಕಾರ. ಟಾಂಕಿಯ ಕೆಳಗೆ ಬೆಂಕಿಯಿಟ್ಟು ಕಾಯಿಸುವುದಂತೂ ಇನ್ನೂ ಅಪಾಯಕರ.

ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ಹರಳುಗಳು ಸಣ್ಣವಾಗಿಯೇ ಉಳಿದು ಫಿಲ್ಟರಿನಲ್ಲಿ ನುಸುಳಿಹೋಗುವುವು. ಆದರೆ ಮೇಣ ಕಟ್ಟುವ ಮೊದಲೇ ಬೆರೆಸಬೇಕು. ಕಟ್ಟಿದ ಮೇಣವನ್ನು ಅವು ಕರಗಿಸಲಾರವು. 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು, ಚಳಿಯು ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಹರಿಯಬಲ್ಲ ಡೀಸೆಲ್ಲನ್ನು ಲಡಾಖಿಗೆ ಒದಗಿಸಿತು. ಚಳಿನಾಡಿಗೆ ಗಾಡಿ ಒಯ್ಯುವವರು ಅಂಥ ಎಣ್ಣೆಯನ್ನು ಮುಂಚಿತವಾಗಿಯೇ ತುಂಬಿಸಿಕೊಳ್ಳುವುದು ಲೇಸು.