ತಂತಿ ಮೀಟಿದಾಗ ಎದ್ದ ಜಗಳ

1747ರಲ್ಲಿ ಪ್ಯಾರಿಸ್ಸಿನ ಗಣಿತಜ್ಞ ಡಾಲಂಬೇರ್ ಒಂದು ಕಠಿಣ ಲೆಕ್ಕ ಬಿಡಿಸಿದ. ಎರಡೂ ತುದಿ ಬಿಗಿದ ತಂತಿ ಕಂಪಿಸುವಾಗ ಕ್ಷಣಕ್ಷಣಕ್ಕೂ ಅದರ ಆಕಾರ ಹೇಗಿರುತ್ತದೆ ಎಂಬುದು ಆ ಲೆಕ್ಕ. ಉತ್ತರ ಸೊಗಸಾಗಿಯೇ ಇತ್ತು. ಆದರೆ ಆತ ಒಂದು ಷರತ್ತು ಹಾಕಿದ್ದ: ಬೆರಳು ಬಿಡುವ ಮುನ್ನ ತಂತಿಗೆ ಯಾವ ಆಕಾರವಿತ್ತೋ ಅದನ್ನು ಒಂದೇ ಸೂತ್ರದಲ್ಲಿ ಬರೆಯಲು ಬರಬೇಕು.

ಬರ್ಲಿನ್ನಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್ ಇದನ್ನು ಒಪ್ಪಲಿಲ್ಲ. ಅವನ ತಕರಾರು ಏನೆಂದು ತಿಳಿಯಲು ತಂಬೂರಿಯ ತಂತಿಯೊಂದೇ ಸಾಕು. ತಂತಿ 100 ಸೆಂಟಿಮೀಟರ್ ಉದ್ದವಿದೆ, ಅದನ್ನು ನಟ್ಟನಡುವೆ ಬೆರಳಿನಿಂದ 1 ಸೆಂಟಿಮೀಟರ್ ಎತ್ತಿ ಹಿಡಿದಿದ್ದೀರಿ ಎನ್ನಿ. ಎಡತುದಿಯಿಂದ ಬೆರಳಿನವರೆಗೆ ಒಂದು ನೇರ ಗೆರೆ. ಅಲ್ಲಿ ಎಡತುದಿಯಿಂದಿರುವ ದೂರವನ್ನು 50ರಿಂದ ಭಾಗಿಸಿದರೆ ತಂತಿಯ ಎತ್ತರ ಸಿಗುತ್ತದೆ. ಬೆರಳು ದಾಟಿದ ಮೇಲೆ ಆ ಲೆಕ್ಕ ನಡೆಯದು. ಅಲ್ಲಿಂದಾಚೆ ದೂರವನ್ನು 100ರಿಂದ ಕಳೆದು, ಉಳಿದದ್ದನ್ನು 50ರಿಂದ ಭಾಗಿಸಬೇಕು. ತಂತಿ ಒಂದೇ, ಸೂತ್ರ ಎರಡು. ಸೂತ್ರ ಎರಡಾದವೆಂದು ತಂತಿಯೇನೂ ನುಡಿಯದೆ ಕೂರುವುದಿಲ್ಲ. ಹಾಗಾದರೆ ಗಣಿತ ಮಾತ್ರ ಏಕೆ ಹಟ ಹಿಡಿಯಬೇಕು?

ಆ ಹಟಕ್ಕೂ ಹಿನ್ನೆಲೆ ಇತ್ತು. ದೂರಕ್ಕೆ ತಕ್ಕಂತೆ ಬದಲಾಗುವ ತಂತಿಯ ಎತ್ತರದಂಥ ರಾಶಿಗೆ ಗಣಿತದಲ್ಲಿ 'ಫಂಕ್ಷನ್' ಎಂಬ ಹೆಸರಿದೆ. ಆ ಮಾತನ್ನು 1673ರಲ್ಲಿ ಲೈಬ್ನಿಟ್ಸ್ ಬಳಸಿದ್ದು ವಕ್ರರೇಖೆಗಳ ವಿಚಾರ ಬರೆಯುವಾಗ. 1718ರಲ್ಲಿ ಯೋಹಾನ್ ಬೆರ್ನೂಲಿ ಅದನ್ನು ಚರ ಮತ್ತು ಸ್ಥಿರಾಂಕಗಳು ಬೆರೆತ ರಾಶಿ ಎಂದ. 1748ರಲ್ಲಿ ಸ್ವತಃ ಆಯ್ಲರ್ ತನ್ನ ಪ್ರಸಿದ್ಧ ಪಠ್ಯದಲ್ಲಿ ಫಂಕ್ಷನ್ ಎಂದರೆ ಸೂತ್ರರೂಪದ ಅಭಿವ್ಯಕ್ತಿ ಎಂದೇ ಬರೆದಿದ್ದ. ತಂತಿಯ ವಾದಕ್ಕಿಳಿದ ಮೇಲೆ ಅವನ ಮಾತು ಸಡಿಲವಾಯಿತು. 1755ರ ಪುಸ್ತಕದಲ್ಲಿ ಸೂತ್ರದ ಸುದ್ದಿಯೇ ಇಲ್ಲ: ಒಂದು ರಾಶಿ ಬದಲಾದರೆ ಅದನ್ನು ಅವಲಂಬಿಸಿದ ಇನ್ನೊಂದೂ ಬದಲಾಗುವುದಾದರೆ, ಎರಡನೆಯದು ಮೊದಲನೆಯದರ ಫಂಕ್ಷನ್.

ಅಷ್ಟರಲ್ಲಿ, 1753ರಲ್ಲಿ, ಯೋಹಾನನ ಮಗ ಡೇನಿಯಲ್ ಬೆರ್ನೂಲಿ ಮೂರನೆಯ ವಾದ ಹೂಡಿದ್ದ: ತಂತಿಯ ಆಕಾರ ಯಾವುದೇ ಇರಲಿ, ಅದು ಸೈನ್ ಅಲೆಗಳ ಮೊತ್ತ. ಉಳಿದಿಬ್ಬರೂ ಒಪ್ಪಲಿಲ್ಲ. 1807ರಲ್ಲಿ ಶಾಖದ ಹರಿವನ್ನು ಲೆಕ್ಕ ಹಾಕುತ್ತಿದ್ದ ಫೂರ್ಯೇ ಅದೇ ಮಾತನ್ನು ಮತ್ತೆ ಎತ್ತಿದ. ಹಿರಿಯ ಗಣಿತಜ್ಞ ಲಗ್ರಾಂಜ್‌ಗೆ ಅದು ಹಿಡಿಸಲಿಲ್ಲ. ಯಾವ ಫಂಕ್ಷನ್‌ಗೆ ಈ ಮೊತ್ತ ಕೂಡಿಬರುತ್ತದೆ, ಯಾವುದಕ್ಕೆ ಇಲ್ಲ ಎಂದು ಶೋಧಿಸಲು ಹೊರಟ ಡಿರಿಕ್ಲೆ 1829ರಲ್ಲಿ ಒಂದು ವಿಚಿತ್ರ ಉದಾಹರಣೆ ಕೊಟ್ಟ. ಕೊಟ್ಟ ಸಂಖ್ಯೆ ಭಾಗಲಬ್ಧವಾಗಿದ್ದರೆ ಒಂದು ಬೆಲೆ, ಅಭಾಗಲಬ್ಧವಾಗಿದ್ದರೆ ಇನ್ನೊಂದು. ಇದರ ನಕ್ಷೆ ಬಿಡಿಸಲು ಯಾವ ಕೈಯಿಂದಲೂ ಆಗದು. ಆದರೂ ಕೊಟ್ಟ ಪ್ರತಿ ಸಂಖ್ಯೆಗೂ ಖಚಿತವಾದ ಒಂದು ಉತ್ತರವಿದೆ. 1837ರಲ್ಲಿ ಆತ ಇನ್ನೂ ಬಿಡಿಸಿ ಹೇಳಿದ: ಇಡೀ ಹರವಿಗೆ ಒಂದೇ ನಿಯಮ ಬೇಕಿಲ್ಲ, ಅದನ್ನು ಗಣಿತದ ಕ್ರಿಯೆಗಳಲ್ಲಿ ಬರೆಯಲು ಬರಬೇಕೆಂದೂ ಇಲ್ಲ. 1888ರ ಹೊತ್ತಿಗೆ ಡೆಡೆಕಿಂಡ್ ಸಂಖ್ಯೆಗಳ ಹಂಗನ್ನೂ ಬಿಟ್ಟು, ಒಂದು ಗಣದ ಪ್ರತಿ ಅಂಶಕ್ಕೂ ಒಂದು ನಿರ್ದಿಷ್ಟ ವಸ್ತುವನ್ನು ಹೊಂದಿಸುವ ನಿಯಮದ ಮಾತಾಡುತ್ತಿದ್ದ.

ಸೂತ್ರದ ಹಿಡಿತ ತಪ್ಪಿದ ಮೇಲೆ ಎರಡು ಸಂಗತಿಗಳನ್ನು ಬಾಯಿಬಿಟ್ಟು ಹೇಳಲೇಬೇಕಾಯಿತು. ಯಾವ ಯಾವ ಬೆಲೆಗಳನ್ನು ಒಳಗೆ ಬಿಡಬಹುದು? ಅದು ಡೊಮೇನ್, ಅಂದರೆ ಕ್ಷೇತ್ರ. ಹೊರಗೆ ಏನೇನು ಬರುತ್ತದೆ? ಅದು ರೇಂಜ್, ಅಂದರೆ ವ್ಯಾಪ್ತಿ. ನಮ್ಮ ತಂತಿಯ ಕ್ಷೇತ್ರ 0ಯಿಂದ 100, ವ್ಯಾಪ್ತಿ 0ಯಿಂದ 1. ಮೊದಲ ಸೂತ್ರಕ್ಕೆ 500 ಕೊಟ್ಟರೂ ಅದು 10 ಎಂದು ಉತ್ತರಿಸುತ್ತದೆ. ಆದರೆ ಅಲ್ಲಿ ತಂತಿಯೇ ಇಲ್ಲ. ಡಿರಿಕ್ಲೆಯ ಫಂಕ್ಷನ್‌ಗೆ ಕ್ಷೇತ್ರದಲ್ಲಿ ಸಂಖ್ಯೆಗಳು ಅನಂತ, ವ್ಯಾಪ್ತಿಯಲ್ಲಿ ಎರಡೇ.

ಕ್ಷೇತ್ರ ಬದಲಾದರೆ ಫಂಕ್ಷನ್ನೇ ಬೇರೆ. ಎಲ್ಲ ವಾಸ್ತವ ಸಂಖ್ಯೆಗಳನ್ನೂ ವರ್ಗ ಮಾಡುವ ಫಂಕ್ಷನ್‌ನಲ್ಲಿ 9 ಬಂದಾಗ, ಒಳಗೆ ಹೋದದ್ದು 3 ಆಗಿತ್ತೋ ಋಣ 3 ಆಗಿತ್ತೋ ಹೇಳಲಾಗದು. ಸೊನ್ನೆ ಮತ್ತು ಧನ ಸಂಖ್ಯೆಗಳನ್ನಷ್ಟೇ ಒಳಬಿಟ್ಟರೆ ಉತ್ತರ 3 ಒಂದೇ. ಸೂತ್ರದ ಒಂದಕ್ಷರವೂ ಬದಲಾಗಿಲ್ಲ. ಆದರೂ ಒಂದನ್ನು ಹಿಂದಕ್ಕೆ ಓಡಿಸಬಹುದು, ಇನ್ನೊಂದನ್ನು ಆಗದು. ಫಂಕ್ಷನ್ ಜೊತೆಗೆ ಅದರ ಕ್ಷೇತ್ರವನ್ನೂ ಬರೆಯುವುದು ಇದಕ್ಕೇ.