‘ಯಾರು ಹೋಗು ಅಂದಿದ್ರು?’

2024ರ ಜೂನ್ ಮೊದಲ ವಾರ. ರಾತ್ರಿ ಊಟಕ್ಕೆ ಕೂತಿದ್ದೆವು. ಟೀವಿಯಲ್ಲಿ ಉತ್ತರಾಖಂಡದ ಸುದ್ದಿ. ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತ್ತು. ಹೆಚ್ಚಿನವರು ನಮ್ಮ ಕರ್ನಾಟಕದವರೇ. 9 ಮಂದಿ ತೀರಿಕೊಂಡಿದ್ದರು. ಸಾರು ಬಡಿಸುತ್ತಾ ನಾನು ಅಂದುಬಿಟ್ಟೆ: ‘ಮನೇಲಿ ಆರಾಮಾಗಿ ಇರೋದು ಬಿಟ್ಟು ಅಲ್ಲಿಗ್ಯಾಕೆ ಹೋಗಬೇಕಿತ್ತು? ಯಾರು ಹೋಗು ಅಂದಿದ್ರು?’

ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ‘ನಿನ್ನ ತಮ್ಮ ಹೋದಾಗ್ಲೂ ಜನ ಇದನ್ನೇ ಅಂದಿದ್ರು ಕಣೇ’ ಅಂದರು.

ನನ್ನ ಕೈ ಅಲ್ಲೇ ನಿಂತಿತು. ತಮ್ಮ ರಾತ್ರಿ ಬೈಕಿನಿಂದ ಬಿದ್ದು ಸತ್ತವನು. ಮನೆಗೆ ಬಂದವರ ಮೊದಲ ಮಾತೇ ‘ಹೆಲ್ಮೆಟ್ ಹಾಕಿರ್ಲಿಲ್ವಾ?’ ಅದೇ ವರ್ಷ ಪಕ್ಕದ ಬೀದಿಯ ಹುಡುಗನೊಬ್ಬ ಬ್ಲಡ್ ಕ್ಯಾನ್ಸರಿನಿಂದ ಹೋದ. ಎಲ್ಲರೂ ಆ ತಾಯಿಯ ಕೈ ಹಿಡಿದು ಅತ್ತರು. ನಮ್ಮಮ್ಮ ಮಾತ್ರ ಅಳುವ ಮುಂಚೆ ಉತ್ತರ ಕೊಡಬೇಕಿತ್ತು.

ಚಾರಣಿಗರ ಸುದ್ದಿ ಬಂದು ಒಂದೂವರೆ ತಿಂಗಳಾಗಿತ್ತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ ಮಣ್ಣುಪಾಲು. ನಿಂತಿದ್ದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿ ನದಿಯ ಪಾಲು. ಈ ಸಲ ನಮ್ಮನೆಯಲ್ಲಿ ಯಾರೂ ‘ಅಲ್ಲಿ ಯಾಕೆ ನಿಂತ್ರು?’ ಅನ್ನಲಿಲ್ಲ. ‘ಪಾಪ, ವಿಧಿ’ ಅಂದೆವು. ಆದರೆ ಹೆದ್ದಾರಿ ಅಗಲ ಮಾಡಲು ಆ ಗುಡ್ಡ ಕಡಿದದ್ದು ವಿಧಿಯಲ್ಲ, ಮನುಷ್ಯರು. ಅಪಾಯವನ್ನು ಆರಿಸಿಕೊಂಡವರು ಯಾರೋ, ಸತ್ತವರು ಇನ್ಯಾರೋ.

ಆಗಿನಿಂದ ಈ ಎರಡು ಮಾತನ್ನೂ ಅನುಮಾನದಿಂದಲೇ ನೋಡ್ತೀನಿ. ‘ಅವರೇ ತಂದುಕೊಂಡದ್ದು’ ಅಂದರೆ ನಮಗೊಂದು ಧೈರ್ಯ: ನಾನು ಹಿಮದ ಬೆಟ್ಟ ಹತ್ತೋದಿಲ್ಲ, ನನಗೇನೂ ಆಗೋದಿಲ್ಲ. ‘ವಿಧಿ’ ಅಂದರೆ ಇನ್ನೊಂದು ಅನುಕೂಲ: ಯಾರನ್ನೂ ಪ್ರಶ್ನೆ ಕೇಳಬೇಕಾಗಿಲ್ಲ. ಎರಡರಲ್ಲೂ ಸಮಾಧಾನ ಸಿಗೋದು ನಮಗೇ, ಕಳೆದುಕೊಂಡವರಿಗಲ್ಲ.

ಹಾಗಂತ ಎಚ್ಚರಿಕೆ ಬೇಡ ಅಂತಲ್ಲ. ಇವತ್ತಿಗೂ ಮಗ ಗಾಡಿ ತೆಗೆದರೆ ಗೇಟಿನ ತನಕ ಹೋಗಿ ಹೆಲ್ಮೆಟ್ ಕೈಗೆ ಕೊಡ್ತೀನಿ. ಬೈಸಿಕೊಂಡರೂ ಸರಿ, ಕೊಡ್ತೀನಿ. ಆ ಪ್ರಶ್ನೆ ಕೇಳಬೇಕಾದ್ದು ಬದುಕಿರುವವರನ್ನು, ಹೊರಡುವ ಮುಂಚೆ. ಸಾವಿನ ಮನೆಗೆ ಹೋದಾಗ ಅದನ್ನು ಚಪ್ಪಲಿಯ ಜೊತೆ ಬಾಗಿಲಾಚೆಯೇ ಬಿಟ್ಟು ಒಳಗೆ ಹೋಗೋಣ.